ಇನ್ನೋವಾದ ಸ್ಟಿಯರಿಂಗ್ ಆಯಿಲ್ ಪದೇ ಪದೇ ಇಳಿಯುತ್ತಿದೆ: ತುಂಬಿಸುತ್ತಿದ್ದರೆ ಸಾಕೇ, ರ‍್ಯಾಕ್ ಬದಲಿಸಲೇಬೇಕೇ?

ಆಗುಂಬೆ ದಾರಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2010ರ ಡೀಸೆಲ್ ಇನ್ನೋವಾ. ಕಳೆದ ಮಳೆಗಾಲದಿಂದ ಅದರ ಪವರ್ ಸ್ಟಿಯರಿಂಗ್ ಆಯಿಲ್ ಕಡಿಮೆಯಾಗುತ್ತಲೇ ಇದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಬಾನೆಟ್ಟಿನ ಒಳಗಿಂದ ನರಳುವಂಥ ಸದ್ದು ಬರುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಒಮ್ಮೊಮ್ಮೆ ಸ್ಟಿಯರಿಂಗ್ ಭಾರವಾದಂತೆ ಅನಿಸುತ್ತದೆ. ಗ್ಯಾರೇಜಿಗೆ ಒಯ್ದಾಗಲೆಲ್ಲ ಕೆಂಪು ಆಯಿಲ್ ತುಂಬಿಸಿ ಕಳುಹಿಸುತ್ತಾರೆ. ಕೆಲವು ವಾರ ಎಲ್ಲವೂ ಸರಿಯಿದ್ದು, ಆಮೇಲೆ ಮಟ್ಟ ಮತ್ತೆ ಕೆಳಗಿನ ಗೆರೆಗಿಂತ ಇಳಿಯುತ್ತದೆ. ಈ ಬಾರಿ ಅವರು ರ‍್ಯಾಕ್ (ಸ್ಟಿಯರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಭಾಗ) ಹಾಳಾಗಿದೆ, ಪೂರ್ತಿ ಹೊಸದನ್ನೇ ಹಾಕಿಸಬೇಕು ಎಂದಿದ್ದಾರೆ.

ನನಗೆ ಅರ್ಥವಾಗದ ಸಂಗತಿ ಎಂದರೆ, ಗಾಡಿ ನಿಲ್ಲಿಸುವ ನಮ್ಮ ಸಿಮೆಂಟಿನ ಅಂಗಳದಲ್ಲಿ ಎಣ್ಣೆಯ ಒಂದು ಹನಿಯೂ ಬಿದ್ದಿಲ್ಲ. ಸ್ಟಿಯರಿಂಗ್ ಆಯಿಲ್ ಟ್ಯಾಂಕಿನ ಮುಚ್ಚಳ ತೆರೆದರೆ ಮೇಲೆ ಸಣ್ಣ ಸಣ್ಣ ನೊರೆ ಕಾಣುತ್ತದೆ. ಮಟ್ಟವನ್ನು ಸರಿಯಾಗಿ ನೋಡುವುದು ಹೇಗೆ, ಹೀಗೆ ತುಂಬಿಸುತ್ತಲೇ ಓಡಿಸಬಹುದೇ, ರ‍್ಯಾಕಿನ ಮಾತು ನಿಜವೇ ಎಂಬುದನ್ನು ಅನುಭವವಿದ್ದವರು ತಿಳಿಸಿಕೊಡಬೇಕಾಗಿ ವಿನಂತಿ.

ಹಳೇ ಡೀಸೆಲ್, ಚಿತ್ರದುರ್ಗ

ಸರ್, ಹದಿನೈದು ವರ್ಷದ ಗಾಡಿಯಲ್ಲಿ ಸ್ವಲ್ಪ ಆಯಿಲ್ ಕಡಿಮೆಯಾಗುವುದು ಸಹಜ. ನಮ್ಮ ಹಳೆಯ ಸುಮೋ ಗಾಡಿಗೆ ನಾವು ವರ್ಷಗಟ್ಟಲೆ ಆಯಿಲ್ ತುಂಬಿಸುತ್ತಲೇ ಓಡಿಸಿದ್ದೇವೆ. ಒಂದು ಡಬ್ಬಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ವಾರಕ್ಕೊಮ್ಮೆ ನೋಡಿ, ಬೇಕಾದಷ್ಟು ಹಾಕಿ. ರ‍್ಯಾಕಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಪಾನಾ ಹಿಡಿದವನು, ಹುಬ್ಬಳ್ಳಿ

ಹಳೇ ಡೀಸೆಲ್ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಸುಟ್ಟು ಕಡಿಮೆಯಾಗಬಹುದು, ಆದರೆ ಸ್ಟಿಯರಿಂಗ್ ಆಯಿಲ್ ಎಲ್ಲಿಯೂ ಸುಡುವುದಿಲ್ಲ. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ರ‍್ಯಾಕಿಗೆ, ರ‍್ಯಾಕಿನಿಂದ ಮತ್ತೆ ಟ್ಯಾಂಕಿಗೆ ಅದು ಸುತ್ತುತ್ತಲೇ ಇರುವ ಮುಚ್ಚಿದ ವ್ಯವಸ್ಥೆ. ಮಟ್ಟ ಇಳಿದಿದೆ ಎಂದರೆ ಎಲ್ಲಿಯೋ ಸೋರಿಕೆ ಇದೆ ಎಂದೇ ಅರ್ಥ. ಬೇರೆ ಕಾರಣವಿಲ್ಲ. ಆದ್ದರಿಂದ ತುಂಬಿಸುವುದು ರಿಪೇರಿಯಲ್ಲ, ಸೋರಿಕೆ ಹುಡುಕುವವರೆಗಿನ ತಾತ್ಕಾಲಿಕ ಏರ್ಪಾಡು ಅಷ್ಟೇ.

ಆಗುಂಬೆಯವರೇ, ರ‍್ಯಾಕಿಗೆ ಒಪ್ಪಿಗೆ ಕೊಡುವ ಮುನ್ನ ನಾಲ್ಕು ಕಡೆ ನೋಡಿಸಿ. ಟ್ಯಾಂಕಿನಿಂದ ಪಂಪಿಗೆ ಹೋಗುವ ರಬ್ಬರ್ ಹೋಸ್ ಮತ್ತು ಅದರ ಕ್ಲಾಂಪು. ಪಂಪಿನ ಶಾಫ್ಟ್ ಸೀಲು. ಪಂಪಿನಿಂದ ಒತ್ತಡದ ಎಣ್ಣೆ ಒಯ್ಯುವ ಪ್ರೆಶರ್ ಹೋಸಿನಲ್ಲಿ ರಬ್ಬರಿಗೂ ಲೋಹದ ಕೊಳವೆಗೂ ಒತ್ತಿ ಕೂಡಿಸಿರುವ ಜಾಗ. ಕೊನೆಯದಾಗಿ ರ‍್ಯಾಕಿನ ಎರಡೂ ತುದಿಗಳ ರಬ್ಬರ್ ಬೂಟು, ಅಂದರೆ ಕೆಸರು ನೀರು ತಡೆಯುವ ಹೊದಿಕೆ. ಬೂಟಿನ ಸಣ್ಣ ತುದಿಯ ಕ್ಲಿಪ್ ಬಿಡಿಸಿ ಹಿಂದಕ್ಕೆ ಸರಿಸಿದಾಗ ಒಳಗಿಂದ ಎಣ್ಣೆ ಸುರಿದರೆ ರ‍್ಯಾಕಿನ ಸೀಲು ಹೋಗಿದೆ ಎಂದು ನಂಬಬಹುದು. ಒಳಗೆ ಒಣಗಿದ್ದರೆ ‘ರ‍್ಯಾಕ್ ಹೋಗಿದೆ’ ಎಂಬ ಮಾತಿಗೆ ಆಧಾರವೇ ಇಲ್ಲ. ನಿಮ್ಮ ಗ್ಯಾರೇಜಿನವರು ಬೂಟು ಬಿಚ್ಚಿ ನೋಡಿದ್ದಾರೆಯೇ?

ನೊರೆಯ ವಿಷಯ ನೀವು ಹೇಳಿದ್ದು ಬಹಳ ಮುಖ್ಯ. ಅದರ ಬಗ್ಗೆ ಸಂಜೆ ಕೆಲಸ ಮುಗಿದ ಮೇಲೆ ಬರೆಯುತ್ತೇನೆ.

ಆಗುಂಬೆ ದಾರಿ, ತೀರ್ಥಹಳ್ಳಿ

ಇಲ್ಲ, ಬೂಟು ಬಿಚ್ಚಿಲ್ಲ. ಗಾಡಿಯನ್ನು ಮೇಲೆತ್ತದೆಯೇ ಸದ್ದು ಕೇಳಿ ಹೇಳಿದರು.

ಕರಾವಳಿ ಚಾಲಕಿ, ಉಡುಪಿ

ಮೇಲೆತ್ತದೆ ರ‍್ಯಾಕ್ ಹಾಳಾಗಿದೆ ಎಂದು ಹೇಳುವವರ ಬಳಿ ರ‍್ಯಾಕ್ ಹಾಕಿಸಿಕೊಳ್ಳಬೇಡಿ. ಇಷ್ಟು ಸ್ಪಷ್ಟವಾಗಿ ಹೇಳುವುದಕ್ಕೆ ನನಗೆ ಕಾರಣವಿದೆ. ನಮ್ಮ ಮಾವನವರ ಗಾಡಿಗೆ ಹೀಗೆಯೇ ದೊಡ್ಡ ಮೊತ್ತದ ಬಿಲ್ ಮಾಡಿದ ಒಂದು ಗ್ಯಾರೇಜಿನಲ್ಲಿ ಹೊಸ ರ‍್ಯಾಕ್ ಹಾಕಿದ ಮೇಲೂ ಆಯಿಲ್ ಇಳಿಯುವುದು ನಿಲ್ಲಲಿಲ್ಲ. ಕೊನೆಗೆ ಬೇರೊಬ್ಬ ಮೆಕ್ಯಾನಿಕ್ ನೋಡಿದಾಗ ಸೋರುತ್ತಿದ್ದದ್ದು ಪ್ರೆಶರ್ ಹೋಸಿನ ಕೂಡು ಜಾಗ ಎಂದು ತಿಳಿಯಿತು.

ಮಟ್ಟ ನೋಡುವ ಕ್ರಮವನ್ನು ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು. ಮುಚ್ಚಳ ತೆರೆಯುವ ಮೊದಲು ಅದರ ಸುತ್ತಲಿನ ಧೂಳನ್ನು ಒಣ ಬಟ್ಟೆಯಿಂದ ಒರೆಸಬೇಕು, ಏಕೆಂದರೆ ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಅದು ಪಂಪಿನ ಒಳಮೈಯನ್ನು ಗೀಚುತ್ತದೆ. ಬಹಳಷ್ಟು ಗಾಡಿಗಳಲ್ಲಿ ಟ್ಯಾಂಕಿನ ಮೇಲೋ ಮುಚ್ಚಳಕ್ಕೆ ಅಂಟಿದ ಕಡ್ಡಿಯ ಮೇಲೋ ಎರಡು ಜೋಡಿ ಗೆರೆಗಳಿರುತ್ತವೆ. ಬೆಳಿಗ್ಗೆ ಎಂಜಿನ್ ಹಚ್ಚುವ ಮೊದಲು ನೋಡಿದರೆ ತಣ್ಣನೆಯ ಗೆರೆಗಳ ನಡುವೆ, ಓಡಿಸಿ ಬಂದು ನೋಡಿದರೆ ಬಿಸಿಯ ಗೆರೆಗಳ ನಡುವೆ ಆಯಿಲ್ ಇರಬೇಕು. ತಣ್ಣಗಿರುವಾಗ ಬಿಸಿಯ ಗೆರೆಯವರೆಗೆ ತುಂಬಿಸಿದರೆ ಕಾದ ಮೇಲೆ ಹಿಗ್ಗಿ ಮುಚ್ಚಳದಿಂದ ಹೊರಗೆ ಚೆಲ್ಲುತ್ತದೆ. ಆಮೇಲೆ ಅದನ್ನೇ ಸೋರಿಕೆ ಎಂದು ಭ್ರಮಿಸಿ ಹುಡುಕಾಡುವವರಿದ್ದಾರೆ. ಪ್ರತಿ ಸಲವೂ ಒಂದೇ ಸ್ಥಿತಿಯಲ್ಲಿ, ಅಂದರೆ ಬೆಳಿಗ್ಗೆ ತಣ್ಣಗಿರುವಾಗಲೇ ನೋಡುವ ರೂಢಿ ಇಟ್ಟುಕೊಂಡರೆ ಹೋಲಿಕೆ ಸರಿಯಾಗುತ್ತದೆ.

ಸ್ವಿಫ್ಟ್ ಸವಾರ, ತುಮಕೂರು

ನನ್ನ ಸ್ವಿಫ್ಟಿನಲ್ಲಿ ಇಂಥ ಟ್ಯಾಂಕೇ ಕಾಣಿಸುತ್ತಿಲ್ಲ. ಎಲ್ಲಿ ಹುಡುಕಬೇಕು?

ಪಾನಾ ಹಿಡಿದವನು, ಹುಬ್ಬಳ್ಳಿ

ಹುಡುಕಬೇಡಿ, ಅದು ಇರುವುದಿಲ್ಲ. ಸ್ವಿಫ್ಟ್, ಐ10 ಮುಂತಾದವುಗಳಲ್ಲಿ ಸ್ಟಿಯರಿಂಗಿಗೆ ನೆರವಾಗುವುದು ವಿದ್ಯುತ್ ಮೋಟಾರು. ಅದಕ್ಕೆ ಆಯಿಲ್ ಇಲ್ಲ. ಬ್ಯಾಟರಿ ದುರ್ಬಲವಾದಾಗ ಅಥವಾ ಫ್ಯೂಸ್ ಹೋದಾಗ ಡ್ಯಾಶ್‌ಬೋರ್ಡಿನಲ್ಲಿ ಸ್ಟಿಯರಿಂಗ್ ಗುರುತಿನ ದೀಪ ಹತ್ತಿಕೊಳ್ಳುತ್ತದೆ, ನೋಡಬೇಕಾದದ್ದು ಅದನ್ನು. ನಿಮ್ಮ ಸರ್ವಿಸ್ ಬಿಲ್ಲಿನಲ್ಲಿ ‘ಸ್ಟಿಯರಿಂಗ್ ಆಯಿಲ್ ಟಾಪ್ ಅಪ್’ ಎಂಬ ಸಾಲು ಕಂಡರೆ ಕೂಡಲೇ ಪ್ರಶ್ನಿಸಿ.

ಇನ್ನು ನೊರೆಯ ವಿಷಯಕ್ಕೆ ಬರುತ್ತೇನೆ. ಟ್ಯಾಂಕಿನಿಂದ ಪಂಪಿಗೆ ಹೋಗುವ ಹೋಸನ್ನು ನಾವು ಸಕ್ಷನ್ ಹೋಸ್ ಎನ್ನುತ್ತೇವೆ. ಪಂಪು ಎಣ್ಣೆಯನ್ನು ಎಳೆದುಕೊಳ್ಳುತ್ತಿರುವಾಗ ಆ ಹೋಸಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಿರುತ್ತದೆ. ಆ ಹೋಸ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಇಲ್ಲವೇ ಕ್ಲಾಂಪು ಸಡಿಲವಾಗಿದ್ದರೆ, ಎಂಜಿನ್ ಓಡುವಾಗ ಆ ಸಂದಿನಿಂದ ಎಣ್ಣೆ ಹೊರಗೆ ಬರುವುದಿಲ್ಲ. ಬದಲಾಗಿ ಗಾಳಿ ಒಳಗೆ ಹೋಗುತ್ತದೆ. ಆ ಗಾಳಿಯೇ ನೊರೆ, ಆ ನೊರೆಯೇ ನರಳುವ ಸದ್ದು. ಎಂಜಿನ್ ನಿಲ್ಲಿಸಿದ ಮೇಲೆ ಅದೇ ಸಂದಿನಿಂದ ಎಣ್ಣೆ ನಿಧಾನವಾಗಿ ಜಿನುಗುತ್ತದೆ. ನಿಮ್ಮ ಮೂರೂ ಲಕ್ಷಣಗಳಿಗೆ ಈ ಒಂದು ಕಾರಣ ಸಾಕಾಗುತ್ತದೆ. ರ‍್ಯಾಕಿನ ಸೀಲು ಹೋಗಿದ್ದರೆ ಆಯಿಲ್ ಇಳಿಯುತ್ತದೆ, ನಿಜ. ಆದರೆ ಮಟ್ಟ ಸರಿಯಿರುವಾಗಲೂ ನೊರೆ ಬರುವುದಕ್ಕೆ ರ‍್ಯಾಕ್ ಸಾಮಾನ್ಯವಾಗಿ ಕಾರಣವಲ್ಲ.

ನೊರೆಯನ್ನು ಅಳೆಯುವುದಕ್ಕೂ ಒಂದು ಕ್ರಮವಿದೆ. ಎಂಜಿನ್ ಓಡುತ್ತಿರುವಾಗ ಮಟ್ಟ ಎಲ್ಲಿದೆ ಎಂದು ಗುರುತು ಹಾಕಿಕೊಂಡು, ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಮತ್ತೆ ನೋಡಿ. ಟೊಯೋಟಾದ ರಿಪೇರಿ ಕೈಪಿಡಿಗಳ ಪ್ರಕಾರ ಆಗ ಮಟ್ಟ 5 ಮಿಲಿಮೀಟರಿಗಿಂತ ಹೆಚ್ಚು ಏರಬಾರದು. ಹೆಚ್ಚು ಏರಿದರೆ ಒಳಗೆ ಗಾಳಿ ಇದೆ.

ಹಳೇ ಡೀಸೆಲ್, ಚಿತ್ರದುರ್ಗ

ಸಕ್ಷನ್ ಹೋಸಿನ ವಿವರಣೆ ನನಗೂ ಹೊಸದು, ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಣ್ಣೆ ಜಿನುಗಿದರೆ ನೆಲಕ್ಕೆ ಬೀಳಲೇಬೇಕಲ್ಲವೇ? ಅವರ ಅಂಗಳ ಒಣಗಿದೆ ಎನ್ನುತ್ತಾರೆ. ರ‍್ಯಾಕಿನ ಬೂಟಿನೊಳಗೆ ತುಂಬಿಕೊಂಡಿದ್ದರೆ ಮಾತ್ರ ನೆಲಕ್ಕೆ ಬೀಳುವುದಿಲ್ಲ. ಹಾಗಾಗಿ ಗ್ಯಾರೇಜಿನವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಬಿಡದಿ ಬಳಗ, ರಾಮನಗರ

ಹಳೇ ಡೀಸೆಲ್ ಅವರ ಪ್ರಶ್ನೆ ಸರಿಯಾಗಿದೆ, ಆದರೆ ಎಣ್ಣೆ ನಿಲ್ಲಬಹುದಾದ ಜಾಗ ಬೂಟೊಂದೇ ಅಲ್ಲ. ಎಂಜಿನ್ನಿನ ಅಡಿಯಲ್ಲಿ ಕೆಸರು ತಡೆಯುವ ತಗಡು ಅಥವಾ ಪ್ಲಾಸ್ಟಿಕ್ ಹಾಳೆ ಇದ್ದರೆ ಜಿನುಗಿದ ಎಣ್ಣೆ ಅದರ ಮೇಲೆ ಬಿದ್ದು ಮಣ್ಣಿನೊಂದಿಗೆ ಕಲಸಿಕೊಂಡು ಅಲ್ಲಿಯೇ ಉಳಿಯುತ್ತದೆ. ಮಲೆನಾಡಿನ ಗಾಡಿಗಳಲ್ಲಿ ಆ ಹಾಳೆಯ ಮೇಲೆ ಇಂಥ ಕಪ್ಪು ಕೆಸರಿನ ಪದರವೇ ಇರುತ್ತದೆ. ಮೊದಲು ಹಾಳೆ ಬಿಚ್ಚಿ ನೋಡಿ. ಎಂಜಿನ್ನಿನ ಆ ಭಾಗವನ್ನು ತೊಳೆದು ಚೆನ್ನಾಗಿ ಒಣಗಿಸಿ, ಹೋಸಿನ ಕೂಡು ಜಾಗಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ರಾತ್ರಿ ಅಡಿಯಲ್ಲಿ ಬಿಳಿ ರಟ್ಟು ಹಾಸಿ ಬಿಡಿ. ಪೌಡರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿಂದಲೇ ಸೋರಿಕೆ.

ಇನ್ನೊಂದು ಎಚ್ಚರಿಕೆ. ಟೊಯೋಟಾ ಗಾಡಿಗಳಲ್ಲಿ ಸ್ಟಿಯರಿಂಗ್ ಆಯಿಲ್ ಕೆಂಪು, ರೇಡಿಯೇಟರಿನ ಕೂಲೆಂಟ್ ಕೂಡ ಕೆಂಪು ಅಥವಾ ಗುಲಾಬಿ. ರಟ್ಟಿನ ಮೇಲೆ ಕೆಂಪು ಕಲೆ ಕಂಡ ಕೂಡಲೇ ಸ್ಟಿಯರಿಂಗ್ ಎಂದು ತೀರ್ಮಾನಿಸಬೇಡಿ. ಅಡಿಯಲ್ಲಿ ತಟ್ಟೆ ಇಟ್ಟು ಹನಿ ಹಿಡಿದು, ಲೋಟದ ನೀರಿಗೆ ಹಾಕಿ ನೋಡಿ. ಎಣ್ಣೆಯಾದರೆ ಮೇಲೆ ತೇಲುತ್ತದೆ, ಕೂಲೆಂಟ್ ಆದರೆ ನೀರಿನಲ್ಲಿ ಬೆರೆಯುತ್ತದೆ.

ಕೆಂಪು ಮಣ್ಣು, ಸಾಗರ

ಯಾವ ಆಯಿಲ್ ಹಾಕಬೇಕು ಎಂಬುದನ್ನು ಯಾರಾದರೂ ಸ್ಪಷ್ಟಪಡಿಸಿ. ಅಂಗಡಿಯಲ್ಲಿ ಕೇಳಿದರೆ ಒಬ್ಬರು ಪವರ್ ಸ್ಟಿಯರಿಂಗ್ ಆಯಿಲ್ ಎಂದು ಬರೆದ ಡಬ್ಬಿ ಕೊಡುತ್ತಾರೆ, ಇನ್ನೊಬ್ಬರು ಎ.ಟಿ.ಎಫ್., ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಕೊಡುತ್ತಾರೆ. ಎರಡೂ ಒಂದೇ ಎನ್ನುವವರಿದ್ದಾರೆ.

ಪಾನಾ ಹಿಡಿದವನು, ಹುಬ್ಬಳ್ಳಿ

ಒಂದೇ ಅಲ್ಲ, ಬೇರೆ ಬೇರೆಯೂ ಅಲ್ಲ. ಗಾಡಿಯನ್ನು ನೋಡಿ ಹೇಳಬೇಕಾದ ಮಾತು ಅದು. ಇನ್ನೋವಾದ ಕೈಪಿಡಿ ಡೆಕ್ಸ್ರಾನ್ 2 ಅಥವಾ 3 ದರ್ಜೆಯ ಎ.ಟಿ.ಎಫ್. ಎಂದು ಹೇಳುತ್ತದೆ, ಆದ್ದರಿಂದ ಅದಕ್ಕೆ ಆ ಕೆಂಪು ಎಣ್ಣೆಯೇ ಸರಿ. ಹ್ಯೂಂಡೈ ತನ್ನ ಗಾಡಿಗಳಿಗೆ ಪಿ.ಎಸ್.ಎಫ್. ಎಂಬ ಬೇರೆ ದರ್ಜೆಗಳನ್ನು ಸೂಚಿಸುತ್ತದೆ. ಕೆಲವು ಐರೋಪ್ಯ ಕಾರುಗಳಲ್ಲಿ ಸಿ.ಎಚ್.ಎಫ್. 11ಎಸ್ ಎಂಬ ಹಸಿರು ಬಣ್ಣದ ಎಣ್ಣೆ ಬಳಸುತ್ತಾರೆ, ಅದಕ್ಕೆ ಕೆಂಪು ಎಣ್ಣೆ ಬೆರೆಸಲೇಬಾರದು. ಬಣ್ಣವನ್ನು ನಂಬಬೇಡಿ, ಕೈಪಿಡಿಯಲ್ಲಿ ಅಥವಾ ಟ್ಯಾಂಕಿನ ಮುಚ್ಚಳದ ಮೇಲೆ ಏನಿದೆಯೋ ಅದನ್ನೇ ನಂಬಿ.

ಕರಾವಳಿ ಚಾಲಕಿ, ಉಡುಪಿ

ಇದರ ಜೊತೆಗೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಾದ ಮಾತೊಂದಿದೆ. ಬ್ರೇಕ್ ಆಯಿಲನ್ನು ಸ್ಟಿಯರಿಂಗ್ ಟ್ಯಾಂಕಿಗೆ ಎಂದಿಗೂ ಹಾಕಬಾರದು. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಪೆಟ್ರೋಲಿಯಂ ಎಣ್ಣೆಯೇ ಅಲ್ಲ, ಅದು ಗ್ಲೈಕಾಲ್ ಆಧಾರದ ದ್ರವ. ಎರಡು ವ್ಯವಸ್ಥೆಗಳ ರಬ್ಬರ್ ಬೇರೆ ಬೇರೆ. ತಪ್ಪು ದ್ರವ ತಗುಲಿದ ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ, ಆಮೇಲೆ ಪಂಪು, ರ‍್ಯಾಕು, ಹೋಸು ಎಲ್ಲವೂ ಒಟ್ಟಿಗೆ ಕೆಡುತ್ತವೆ. ಇದರ ವಿಲೋಮ ಇನ್ನೂ ಅಪಾಯಕರ: ಸ್ಟಿಯರಿಂಗ್ ಆಯಿಲ್ ಬ್ರೇಕ್ ಟ್ಯಾಂಕಿಗೆ ಬಿದ್ದರೆ ಬ್ರೇಕಿನ ಸೀಲುಗಳು ಉಬ್ಬಿ ಬ್ರೇಕೇ ಕೈಕೊಡಬಹುದು. ಪೆಟ್ರೋಲ್ ಬಂಕಿನಲ್ಲಿಯೋ ದಾರಿಬದಿಯ ಅಂಗಡಿಯಲ್ಲಿಯೋ ಬೇರೊಬ್ಬರು ಬಾನೆಟ್ ತೆರೆದು ಆಯಿಲ್ ಹಾಕುವಾಗ ದಯವಿಟ್ಟು ಪಕ್ಕದಲ್ಲಿಯೇ ನಿಂತು ಯಾವ ಟ್ಯಾಂಕು, ಯಾವ ಡಬ್ಬಿ ಎಂದು ನೋಡಿ.

ಮಿಚಿಗನ್ ಕನ್ನಡಿಗ

ಇಲ್ಲಿ ಚಳಿಗಾಲದಲ್ಲಿ ಉಷ್ಣತೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಇಳಿದ ಬೆಳಗಿನಲ್ಲಿ ನನ್ನ ಹಳೆಯ ಹೋಂಡಾದ ಪಂಪು ಒಂದೆರಡು ನಿಮಿಷ ಹೀಗೆಯೇ ನರಳುತ್ತದೆ. ಅದು ಎಣ್ಣೆ ಗಟ್ಟಿಯಾಗಿರುವುದರಿಂದ ಬರುವ ಸದ್ದು, ಬೆಚ್ಚಗಾದ ಕೂಡಲೇ ನಿಲ್ಲುತ್ತದೆ. ನಿಮ್ಮದು ಘಾಟಿಯಲ್ಲಿ, ಬಿಸಿಯಿರುವಾಗ ಬರುವ ಸದ್ದು ಆದ್ದರಿಂದ ಪಾನಾ ಅವರ ಊಹೆಯೇ ಸರಿ ಎನಿಸುತ್ತದೆ. ಹೋಂಡಾ ತನ್ನದೇ ಆದ ಸ್ಟಿಯರಿಂಗ್ ಆಯಿಲನ್ನು ಮಾತ್ರ ಹಾಕಬೇಕೆಂದು ಹೇಳುತ್ತದೆ. ‘ಎಲ್ಲ ಕಾರುಗಳಿಗೂ ಸರಿಹೊಂದುತ್ತದೆ’ ಎಂಬ ಡಬ್ಬಿಯನ್ನು ಇಲ್ಲಿನ ಅಂಗಡಿಗಳಲ್ಲಿಯೂ ಮಾರುತ್ತಾರೆ, ನಾನು ಕೊಳ್ಳುವುದಿಲ್ಲ.

ಇಷ್ಟೆಲ್ಲ ಚರ್ಚೆಗೆ ಕಾರಣವಾದ ಈ ವ್ಯವಸ್ಥೆಯ ಹಿನ್ನೆಲೆಯೂ ಕುತೂಹಲಕರ. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲಿಯೇ ಒಂದು ಪಿಯರ್ಸ್ ಆ್ಯರೋ ಗಾಡಿಗೆ ಹೈಡ್ರಾಲಿಕ್ ಸ್ಟಿಯರಿಂಗ್ ಜೋಡಿಸಿ ಓಡಿಸಿ ತೋರಿಸಿದ್ದರು. ಅದು ಮಾರಾಟದ ಕಾರಿಗೆ ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಈಗ ಹೊಸ ಕಾರುಗಳಿಂದ ಅದು ಮರೆಯಾಗುತ್ತಿದೆ, ಆದರೆ ರಸ್ತೆಯ ಮೇಲಿರುವ ಹಳೆಯ ಗಾಡಿಗಳಿಗೆ ಈ ತಿಳಿವಳಿಕೆ ಇನ್ನೂ ಬಹಳ ವರ್ಷ ಬೇಕಾಗುತ್ತದೆ.

ಬಿಡದಿ ಬಳಗ, ರಾಮನಗರ

ಹೊಸ ಕಾರುಗಳಿಂದಲೂ ಪೂರ್ತಿ ಮರೆಯಾಗಿಲ್ಲ. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದಲ್ಲಿಯೂ ಹೈಡ್ರಾಲಿಕ್ ಸ್ಟಿಯರಿಂಗ್ ಇದೆ. ಆಮೇಲೆ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ ಮಾತ್ರ ವಿದ್ಯುತ್ ಮೋಟಾರು ಬಂದಿತು.

ಲೆಕ್ಕದ ಮೇಷ್ಟ್ರು, ಮೈಸೂರು

ಆಯಿಲ್ ಬದಲಿಸುವ ಬಗ್ಗೆ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ಸಿರಿಂಜಿನಿಂದ ಟ್ಯಾಂಕಿನ ಹಳೆಯ ಎಣ್ಣೆಯನ್ನು ಹೀರಿ ಹೊಸದನ್ನು ತುಂಬಿಸಿದರೆ ಬದಲಿಸಿದಂತಾಯಿತು ಎಂದು ಅನೇಕರು ತಿಳಿದಿದ್ದಾರೆ. ಒಟ್ಟು ಎಣ್ಣೆಯ ಮೂರನೇ ಒಂದು ಭಾಗ ಟ್ಯಾಂಕಿನಲ್ಲಿಯೂ ಉಳಿದದ್ದು ಹೋಸು, ಪಂಪು, ರ‍್ಯಾಕಿನಲ್ಲಿಯೂ ಇದೆ ಎಂದು ಇಟ್ಟುಕೊಳ್ಳೋಣ. ಒಂದು ಬಾರಿ ಮಾಡಿದಾಗ ಹಳೆಯದು ಮೂರನೇ ಎರಡು ಭಾಗ ಉಳಿಯುತ್ತದೆ. ಪ್ರತಿ ಸಲವೂ ಗಾಡಿ ಓಡಿಸಿ, ಚೆನ್ನಾಗಿ ಬೆರೆಯಲು ಬಿಟ್ಟು, ಮೂರು ಬಾರಿ ಮಾಡಿದರೂ ಸುಮಾರು ಶೇ 30ರಷ್ಟು ಹಳೆಯದೇ ಇರುತ್ತದೆ. ಐದು ಬಾರಿಗೆ ಅದು ಶೇ 13ಕ್ಕೆ ಇಳಿಯುತ್ತದೆ. ನಿಧಾನವಾದರೂ ಈ ವಿಧಾನದಲ್ಲಿ ಗಾಳಿ ಒಳಹೋಗುವ ಭಯವಿಲ್ಲದ್ದರಿಂದ ಮನೆಯಲ್ಲಿ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಒಮ್ಮೆ ಹೀರಿ ತುಂಬಿಸಿದ್ದಕ್ಕೆ ಪೂರ್ತಿ ಬದಲಿಸಿದ ಮಜೂರಿ ಕೇಳಿದರೆ ಕೊಡಬಾರದು.

ಹಳೇ ಡೀಸೆಲ್, ಚಿತ್ರದುರ್ಗ

ಮೇಷ್ಟ್ರೇ, ಬದಲಿಸಲೇಬೇಕೆಂಬ ನಿಯಮವಾದರೂ ಎಲ್ಲಿದೆ? ಅನೇಕ ಕಂಪನಿಗಳ ಕೈಪಿಡಿಯಲ್ಲಿ ‘ಪರೀಕ್ಷಿಸಿ’ ಎಂದಿದೆಯೇ ಹೊರತು ಇಷ್ಟು ಕಿಲೋಮೀಟರಿಗೆ ಬದಲಿಸಿ ಎಂದಿಲ್ಲ. ಸುಮ್ಮನೆ ಇರುವುದನ್ನು ಕೆದಕಿ ಗಾಳಿ ಸೇರಿಸಿಕೊಳ್ಳುವುದೇಕೆ?

ಪಾನಾ ಹಿಡಿದವನು, ಹುಬ್ಬಳ್ಳಿ

ಈ ವಿಷಯದಲ್ಲಿ ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ ಇದೆ. ಕಿಲೋಮೀಟರ್ ಲೆಕ್ಕ ಹಿಡಿದು ಚೆನ್ನಾಗಿರುವ ಎಣ್ಣೆಯನ್ನು ಚೆಲ್ಲಬೇಕಾಗಿಲ್ಲ. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ನೋಡಿ. ಕೆಂಪಾಗಿ, ತಿಳಿಯಾಗಿದ್ದರೆ ಹಾಗೆಯೇ ಬಿಡಿ. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಅಥವಾ ಬೆರಳ ನಡುವೆ ಉಜ್ಜಿದಾಗ ಮರಳಿನಂತೆ ತಗುಲಿದರೆ, ಕೈಪಿಡಿ ಏನೇ ಹೇಳಲಿ ಬದಲಿಸಬೇಕು. ಆ ಎಣ್ಣೆಯ ಕೆಲಸ ಸಣ್ಣದಲ್ಲ. ಟೈರಿನೊಳಗಿನ ಗಾಳಿಯ ಒತ್ತಡ ಸುಮಾರು 2.3 ಬಾರ್, ಸ್ಟಿಯರಿಂಗನ್ನು ಪೂರ್ತಿ ತುದಿಗೆ ತಿರುಗಿಸಿ ಹಿಡಿದಾಗ ಪಂಪಿನ ಒತ್ತಡ 80 ಬಾರ್ ಆಸುಪಾಸು ಅಥವಾ ಅದಕ್ಕೂ ಮೇಲೆ ಏರುತ್ತದೆ. ಆ ಹೊತ್ತಿನಲ್ಲಿ ಎಣ್ಣೆ ಮುಂದೆ ಹರಿಯಲು ದಾರಿಯಿಲ್ಲದೆ ಹೆಚ್ಚಾದ ಒತ್ತಡವನ್ನು ಬಿಟ್ಟುಕೊಡುವ ಪಂಪಿನ ರಿಲೀಫ್ ವಾಲ್ವಿನ ಮೂಲಕವೇ ಸುತ್ತುತ್ತಾ ಬೇಗನೆ ಕಾಯುತ್ತದೆ. ಇದೇ ಕಾರಣಕ್ಕೆ ಪಾರ್ಕಿಂಗ್ ಮಾಡುವಾಗ ಸ್ಟಿಯರಿಂಗನ್ನು ತುದಿಯಲ್ಲಿ 5ರಿಂದ 10 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು. ತುದಿ ಮುಟ್ಟಿದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟರೆ ಸಾಕು.

ಕೊಡಗಿನ ಮಳೆ, ಮಡಿಕೇರಿ

ಮಳೆನಾಡಿನವರು ನೋಡಬೇಕಾದ ಇನ್ನೊಂದು ಲಕ್ಷಣವಿದೆ. ಎಣ್ಣೆಯೊಳಗೆ ನೀರು ಸೇರಿದರೆ ಅದು ಹಾಲು ಬೆರೆಸಿದಂತೆ ಮಸುಕಾದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೊರೆಯಾದರೆ ಎಂಜಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ, ನೀರಾದರೆ ಆ ಮಸುಕು ಉಳಿದೇ ಇರುತ್ತದೆ. 2018ರ ಆಗಸ್ಟಿನ ಪ್ರವಾಹದ ನಂತರ ನಮ್ಮ ಕಡೆ ನೀರಿನಲ್ಲಿ ನಿಂತಿದ್ದ ಗಾಡಿಗಳ ಎಂಜಿನ್ ಆಯಿಲ್, ಗೇರ್ ಆಯಿಲ್ ಬದಲಿಸಿದ ಎಷ್ಟೋ ಮಂದಿ ಸ್ಟಿಯರಿಂಗ್ ಟ್ಯಾಂಕನ್ನು ತೆರೆದೇ ನೋಡಲಿಲ್ಲ.

ರ‍್ಯಾಕಿನ ಬೂಟು ಹರಿದರೂ ಇದೇ ಗತಿ. ಹರಿದ ಬೂಟಿನಿಂದ ಕೆಸರು ನೀರು ಒಳಹೋಗಿ ರ‍್ಯಾಕಿನ ನಯವಾದ ಕಂಬಿಗೆ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಮೇಲೆ ಓಡಾಡುವ ಸೀಲು ಸವೆದು ಹೋಗುತ್ತದೆ. ಬೂಟಿನ ಬೆಲೆಗೂ ರ‍್ಯಾಕಿನ ಬೆಲೆಗೂ ಇರುವ ಅಂತರವನ್ನು ನೆನೆದರೆ, ಮಳೆಗಾಲಕ್ಕೆ ಮುಂಚೆ ಒಮ್ಮೆ ಗಾಡಿಯನ್ನು ಮೇಲೆತ್ತಿ ಬೂಟು ನೋಡಿಸುವುದು ಎಲ್ಲರೂ ಮಾಡಬೇಕಾದ ಕೆಲಸ.

ಆಗುಂಬೆ ದಾರಿ, ತೀರ್ಥಹಳ್ಳಿ

ಎಲ್ಲರ ಮಾತನ್ನೂ ಓದಿ ಶಿವಮೊಗ್ಗದಲ್ಲಿ ಬೇರೊಬ್ಬ ಮೆಕ್ಯಾನಿಕ್ ಬಳಿಗೆ ಹೋಗಿದ್ದೆ. ಫಲಿತಾಂಶ ಹೀಗಿದೆ. ಎರಡೂ ಬೂಟುಗಳ ಒಳಗೆ ಒಣಗಿದೆ, ರ‍್ಯಾಕಿನ ಕಂಬಿ ಹೊಳೆಯುತ್ತಿದೆ. ಬಿಡದಿ ಬಳಗದವರು ಹೇಳಿದಂತೆ ಅಡಿಯ ಹಾಳೆ ಬಿಚ್ಚಿದಾಗ ಅದರ ಒಂದು ಮೂಲೆಯಲ್ಲಿ ಎಣ್ಣೆ ಕುಡಿದ ಕೆಸರಿನ ಮುದ್ದೆ ಇತ್ತು. ಅದರ ನೇರಕ್ಕೆ ಮೇಲೆ ನೋಡಿದರೆ ಸಕ್ಷನ್ ಹೋಸು, ಪಂಪಿನ ಕಡೆಯ ತುದಿಯಲ್ಲಿ ಒದ್ದೆಯಾಗಿತ್ತು. ಹೋಸ್ ಒತ್ತಿದರೆ ಬಗ್ಗದಷ್ಟು ಗಟ್ಟಿಯಾಗಿತ್ತು, ಕ್ಲಾಂಪನ್ನು ಬೆರಳಿನಿಂದಲೇ ತಿರುಗಿಸಬಹುದಾಗಿತ್ತು.

ಹೊಸ ಹೋಸ್ ಮತ್ತು ಕ್ಲಾಂಪು ಹಾಕಿಸಲು ಹೇಳಿ ಬಂದಿದ್ದೇನೆ, ನಾಡಿದ್ದು ಮಾಡಿಕೊಡುತ್ತಾರೆ. ಹೋಸ್ ಬಿಚ್ಚಿದ ಮೇಲೆ ಗಾಳಿ ತೆಗೆಯುವ ಕ್ರಮವನ್ನು ದಯವಿಟ್ಟು ತಿಳಿಸಿ, ನಾನು ಪಕ್ಕದಲ್ಲಿ ನಿಂತು ನೋಡಬೇಕೆಂದಿದ್ದೇನೆ.

ಪಾನಾ ಹಿಡಿದವನು, ಹುಬ್ಬಳ್ಳಿ

ಬಹಳ ಸಂತೋಷ. ಕ್ರಮ ಹೀಗೆ: ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ, ಜಾಕಿನ ಮೇಲೆ ಮಾತ್ರ ನಂಬಿಕೆ ಇಡದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಟ್ಯಾಂಕನ್ನು ತುಂಬಿಸಿ, ಎಂಜಿನ್ ಹಚ್ಚದೆ, ಸ್ಟಿಯರಿಂಗ್ ಬೀಗ ಬಿಡುವಷ್ಟು ಮಾತ್ರ ಚಾವಿ ತಿರುಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಮಟ್ಟ ಇಳಿದಂತೆ ಇನ್ನೊಬ್ಬರು ತುಂಬಿಸುತ್ತಿರಬೇಕು, ಟ್ಯಾಂಕ್ ಒಮ್ಮೆಯೂ ಬರಿದಾಗಬಾರದು. ಗುಳ್ಳೆಗಳು ಬರುವುದು ನಿಂತ ಮೇಲೆಯೇ ಎಂಜಿನ್ ಹಚ್ಚಬೇಕು. ಆಮೇಲೆ ಐಡಲ್‌ನಲ್ಲಿ ಮತ್ತೆ ಕೆಲವು ಬಾರಿ ತಿರುಗಿಸಿ, ತುದಿಯಲ್ಲಿ ಒತ್ತಿ ಹಿಡಿಯದೆ, ಮಟ್ಟ ಸರಿಪಡಿಸಬೇಕು. ಆತುರಪಟ್ಟು ಮೊದಲೇ ಎಂಜಿನ್ ಹಚ್ಚಿದರೆ ಪಂಪು ಒಣಗಿ ಓಡುವುದಲ್ಲದೆ ದೊಡ್ಡ ಗುಳ್ಳೆಗಳನ್ನು ಒಡೆದು ಸಣ್ಣ ನೊರೆಯಾಗಿಸುತ್ತದೆ, ಆ ನೊರೆ ಹೋಗಲು ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಒಂದು ವಿನಂತಿ: ಹೊಸ ಹೋಸ್ ಎಣ್ಣೆ ತಾಳುವ ಜಾತಿಯದೇ ಆಗಿರಲಿ. ರೇಡಿಯೇಟರಿನ ನೀರಿಗೆಂದು ಮಾಡಿದ ಹೋಸನ್ನು ಅಳತೆಗೆ ಕತ್ತರಿಸಿ ಹಾಕುವವರಿದ್ದಾರೆ. ಅದು ಎಣ್ಣೆಗೆ ಕೆಲವೇ ತಿಂಗಳಲ್ಲಿ ಉಬ್ಬಿ ಬಿಡುತ್ತದೆ.

ಕೆಂಪು ಮಣ್ಣು, ಸಾಗರ

ಸೋರಿಕೆ ನಿಲ್ಲಿಸುತ್ತದೆ ಎಂದು ಡಬ್ಬಿಗಳಲ್ಲಿ ಮಾರುವ ದ್ರವವನ್ನು ಹಾಕಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲವೇ?

ಬಿಡದಿ ಬಳಗ, ರಾಮನಗರ

ಇಲ್ಲ. ಆ ದ್ರವ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಿ ಸಂದು ಮುಚ್ಚುತ್ತದೆ. ಸೀಲು ಒಣಗಿ ಕುಗ್ಗಿದ್ದಲ್ಲಿ ಕೆಲವು ಕಾಲ ನೆರವಾಗಬಹುದು, ಆದರೆ ಸಡಿಲವಾದ ಕ್ಲಾಂಪನ್ನು ಅದು ಬಿಗಿ ಮಾಡುವುದಿಲ್ಲ, ಬಿರುಕು ಬಿಟ್ಟ ಹೋಸನ್ನು ಕೂಡಿಸುವುದಿಲ್ಲ. ಕಾರಣ ತಿಳಿಯುವ ಮೊದಲು ಅದನ್ನು ಹಾಕಿದರೆ ಚೆನ್ನಾಗಿರುವ ಸೀಲುಗಳೂ ಮೆತ್ತಗಾಗುತ್ತವೆ.

ಹಳೇ ಡೀಸೆಲ್, ಚಿತ್ರದುರ್ಗ

ರ‍್ಯಾಕ್ ಉಳಿಯಿತು ಎಂಬುದು ನನಗೂ ಸಮಾಧಾನ. ಆದರೂ ನನ್ನ ಮೂಲ ಮಾತನ್ನು ಪೂರ್ತಿ ಬಿಡುವುದಿಲ್ಲ. ದೂರದ ಹಳ್ಳಿಯಲ್ಲಿ, ಗ್ಯಾರೇಜ್ ಇಲ್ಲದ ಕಡೆ, ಡಿಕ್ಕಿಯಲ್ಲಿ ಒಂದು ಡಬ್ಬಿ ಇರುವುದು ಒಳ್ಳೆಯದೇ.

ಕರಾವಳಿ ಚಾಲಕಿ, ಉಡುಪಿ

ಡಬ್ಬಿ ಇರಲಿ, ಅದನ್ನು ಯಾರೂ ಬೇಡ ಎನ್ನುತ್ತಿಲ್ಲ. ಆದರೆ ತುಂಬಿಸುತ್ತಲೇ ವರ್ಷ ಕಳೆಯುವುದರಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು, ಎಣ್ಣೆ ಒಮ್ಮೆಲೇ ಖಾಲಿಯಾದರೆ ಚಕ್ರ ತಿರುಗುವುದು ನಿಲ್ಲುವುದಿಲ್ಲವಾದರೂ ಸ್ಟಿಯರಿಂಗ್ ಕಲ್ಲಿನಷ್ಟು ಭಾರವಾಗುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಅದನ್ನು ಸಂಭಾಳಿಸಬಹುದು. ಆಗುಂಬೆಯ ಹದಿನಾಲ್ಕು ತಿರುವುಗಳ ನಡುವೆ, ಎದುರಿಗೆ ಮಿನಿ ಬಸ್ಸು ಬರುತ್ತಿರುವಾಗ, ವಯಸ್ಸಾದವರಿಗಾಗಲಿ ತೋಳಿನಲ್ಲಿ ಶಕ್ತಿ ಕಡಿಮೆಯಿರುವವರಿಗಾಗಲಿ ಅದು ಸಾಧ್ಯವಾಗುವುದೇ? ಎರಡನೆಯದು, ಪ್ರೆಶರ್ ಹೋಸಿನಿಂದ ಚಿಮ್ಮುವ ಎಣ್ಣೆ ಕಾದ ಎಕ್ಸಾಸ್ಟ್ ಕೊಳವೆಯ ಮೇಲೆ ಬಿದ್ದರೆ ಬೆಂಕಿ ಹತ್ತಿಕೊಳ್ಳಬಹುದು. ತಿರುಗಿಸುವಾಗ ಸುಟ್ಟ ಎಣ್ಣೆಯ ವಾಸನೆ ಅಥವಾ ಬಾನೆಟ್ಟಿನಿಂದ ಹೊಗೆ ಬಂದರೆ ಮುಂದಿನ ಊರಿನವರೆಗೆ ಎಂದುಕೊಳ್ಳದೆ ಅಲ್ಲಿಯೇ ನಿಲ್ಲಿಸಬೇಕು.

ಹಳೇ ಡೀಸೆಲ್, ಚಿತ್ರದುರ್ಗ

ಘಾಟಿಯ ಮಾತು ಒಪ್ಪಿದೆ.

ಲೆಕ್ಕದ ಮೇಷ್ಟ್ರು, ಮೈಸೂರು

ಸ್ಟಿಯರಿಂಗ್ ಭಾರವಾದಾಗಲೆಲ್ಲ ಆಯಿಲನ್ನೇ ದೂರುವುದೂ ಸರಿಯಲ್ಲ. ಮುಂದಿನ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ, ಬಾಲ್ ಜಾಯಿಂಟು ಒಣಗಿದ್ದರೆ, ಸ್ಟಿಯರಿಂಗ್ ಕಂಬದ ಜಾಯಿಂಟಿಗೆ ತುಕ್ಕು ಹಿಡಿದಿದ್ದರೆ ಹೀಗೆಯೇ ಆಗುತ್ತದೆ. ಬೆಲ್ಟಿನಿಂದ ಪಂಪು ತಿರುಗುವ ಗಾಡಿಗಳಲ್ಲಿ ಬೆಲ್ಟು ಸಡಿಲವಾದರೆ ತಿರುವಿನಲ್ಲಿ ಕಿರುಚುವ ಸದ್ದು ಬರುತ್ತದೆ. ಆ ಕಿರುಚಾಟ ಬೇರೆ, ಗಾಳಿ ಸೇರಿದ ಪಂಪಿನ ನರಳಾಟ ಬೇರೆ. ಎರಡನೆಯದು ಎಂಜಿನ್ ವೇಗ ಏರಿದಂತೆ ತಾನೂ ಏರುತ್ತದೆ.

ಆಗುಂಬೆ ದಾರಿ, ತೀರ್ಥಹಳ್ಳಿ

ಕೆಲಸ ಮುಗಿಯಿತು. ಎಣ್ಣೆ ತಾಳುವ ಹೋಸನ್ನೇ ಕೇಳಿ ಹಾಕಿಸಿದೆ. ಪಾನಾ ಅವರು ಹೇಳಿದ ಕ್ರಮದಲ್ಲಿಯೇ ಗಾಳಿ ತೆಗೆದರು, ನಾನು ಟ್ಯಾಂಕ್ ನೋಡುತ್ತಾ ನಿಂತಿದ್ದೆ. ಹಳೆಯ ಎಣ್ಣೆ ಕಪ್ಪಾಗಿದ್ದುದರಿಂದ ಅದನ್ನೂ ಬದಲಿಸಿದರು. ಎಂಜಿನ್ ನಿಲ್ಲಿಸಿ ಮತ್ತೆ ಮಟ್ಟ ನೋಡಿದಾಗ ಏರಿಕೆ 5 ಮಿಲಿಮೀಟರಿಗಿಂತ ಬಹಳ ಕಡಿಮೆ ಇತ್ತು. ಘಾಟಿ ಇಳಿದು ಹತ್ತಿ ಬಂದೆವು, ಸದ್ದಿಲ್ಲ. ಹಳೆಯ ಎಣ್ಣೆಯನ್ನು ಒಂದು ಡಬ್ಬಿಯಲ್ಲಿ ನನಗೇ ಕೊಟ್ಟಿದ್ದಾರೆ, ಅದನ್ನು ಏನು ಮಾಡಬೇಕು? ತೋಟದ ಬೇಲಿ ಕಂಬಗಳಿಗೆ ಹಚ್ಚಬಹುದು ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ಕೊಡಗಿನ ಮಳೆ, ಮಡಿಕೇರಿ

ದಯವಿಟ್ಟು ಹಚ್ಚಬೇಡಿ, ಚರಂಡಿಗೂ ಸುರಿಯಬೇಡಿ. ನಿಮ್ಮಲ್ಲಿ ಬೀಳುವ ಮಳೆಗೆ ಅದು ತೊಳೆದು ಹಳ್ಳ ಸೇರುತ್ತದೆ, ಹಳ್ಳದಿಂದ ತುಂಗೆಗೆ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯನ್ನು ಅನುಮತಿ ಪಡೆದ ಮರುಬಳಕೆದಾರರಿಗೇ ಕೊಡಬೇಕು. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಎಂಜಿನ್ ಆಯಿಲ್ ಸಂಗ್ರಹಿಸುವ ಪೀಪಾಯಿ ಇರುತ್ತದೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಒಯ್ದು ಅಲ್ಲಿ ವಿಚಾರಿಸಿ. ಕೂಲೆಂಟ್ ಅಥವಾ ಬ್ರೇಕ್ ಆಯಿಲನ್ನು ಅದೇ ಡಬ್ಬಿಗೆ ಬೆರೆಸಬೇಡಿ, ಬೆರೆಸಿದ್ದನ್ನು ಅವರು ತೆಗೆದುಕೊಳ್ಳುವುದು ಕಷ್ಟ.

ಪಾನಾ ಹಿಡಿದವನು, ಹುಬ್ಬಳ್ಳಿ

ಸರಿಯಾದ ಮಾತು. ಆಗುಂಬೆಯವರೇ, ಹೊಸ ರಬ್ಬರ್ ಕಾದು ತಣಿದಾಗ ಸ್ವಲ್ಪ ಕೂರುತ್ತದೆ. ಆದ್ದರಿಂದ ಒಂದೆರಡು ವಾರ ಓಡಿಸಿದ ಮೇಲೆ ಆ ಕ್ಲಾಂಪನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಎಷ್ಟಿದೆ ಎಂದು ಇಲ್ಲಿ ತಿಳಿಸಿ.